ಶಹಾಬಾದ್ ಕಲ್ಲಿನ ಮೇಲೆ ದೊಡ್ಡ ಹೆಜ್ಜೆ: ಪಾರ್ಕಿನ್ಸನ್ಸ್ ಇರುವವರಿಗೆ ಮನೆಯಲ್ಲೇ ಆ್ಯಪ್ ವ್ಯಾಯಾಮ

ಕಲಬುರಗಿಯಲ್ಲಿರುವ ನಮ್ಮ ಕಾಕಾ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಮೇಷ್ಟ್ರು. ಅವರಿಗೆ ಪಾರ್ಕಿನ್ಸನ್ಸ್ ಮೊದಲು ಕಾಣಿಸಿಕೊಂಡಿದ್ದು ಅಕ್ಷರದಲ್ಲಿ. ಸಾಲು ಮುಂದೆ ಹೋದಂತೆ ಅಕ್ಷರ ಸಾಸಿವೆ ಕಾಳಿನಷ್ಟಾಗುತ್ತಿತ್ತು. ಆಮೇಲೆ ಹೆಜ್ಜೆಯೂ ಹಾಗೆಯೇ ಕಿರಿದಾಯಿತು. ಮಿದುಳಿನಲ್ಲಿ ಡೋಪಮಿನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತ ಹೋದಾಗ ಚಲನೆಯ ಅಳತೆ ತಪ್ಪುತ್ತದೆ. ಪೂರ್ತಿ ಹೆಜ್ಜೆ ಇಟ್ಟೆ ಎಂದು ಅನಿಸಿದರೂ ಕಾಲು ಅರ್ಧವೇ ಸಾಗಿರುತ್ತದೆ. ಹೀಗಾಗಿ ಎಲ್ಲವನ್ನೂ ಬೇಕೆಂದೇ ದೊಡ್ಡದಾಗಿ ಮಾಡುವುದೇ ಈ ವ್ಯಾಯಾಮದ ತಿರುಳು.

ಮನೆಯಲ್ಲಿ ಮಾಡಿದರೆ ಫಲವಿದೆಯೇ? ನೆದರ್ಲೆಂಡ್ಸ್‌ನಲ್ಲಿ 130 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ್ಯಪ್‌ನ ಪ್ರೋತ್ಸಾಹದೊಂದಿಗೆ ಮನೆಯಲ್ಲೇ ವಾರಕ್ಕೆ ಮೂರು ಸಲ ವ್ಯಾಯಾಮದ ಸೈಕಲ್ ತುಳಿದವರ ಚಲನೆಯ ಲಕ್ಷಣಗಳು, ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿದವರಿಗಿಂತ ಆರು ತಿಂಗಳ ಕೊನೆಗೆ ಹತೋಟಿಯಲ್ಲಿದ್ದವು. ರೋಗವನ್ನೇ ವಾಸಿ ಮಾಡುತ್ತೇನೆ ಎನ್ನುವ ಆ್ಯಪ್ ಕಂಡರೆ ಮಾತ್ರ ಅಲ್ಲೇ ಅಳಿಸಿಬಿಡಿ.

ಮೊದಲು ನರರೋಗ ವೈದ್ಯರನ್ನೂ ಫಿಸಿಯೋಥೆರಪಿಸ್ಟರನ್ನೂ ಒಮ್ಮೆ ಕಾಣಿ. ಯಾವ ವ್ಯಾಯಾಮ ಬೇಡ ಎಂಬುದನ್ನು ಅವರೇ ಹೇಳಬೇಕು. ಆ್ಯಪ್ ಆರಿಸುವಾಗ ಗುಂಡಿಗಳು ದೊಡ್ಡದಾಗಿವೆಯೇ, ಇಂಟರ್ನೆಟ್ ಇಲ್ಲದಿದ್ದರೂ ವಿಡಿಯೋ ಓಡುತ್ತದೆಯೇ ನೋಡಿ. ಹಲವು ಆ್ಯಪ್‌ಗಳು ಇಂಗ್ಲಿಷಿನಲ್ಲೇ ಮಾತನಾಡುತ್ತವೆ. ನಮ್ಮ ಮನೆಯಲ್ಲಿ ಅದರ ಬಾಯಿ ಮುಚ್ಚಿಸಿ, ಕಾಕೂ ಎಣಿಸಿದ್ದನ್ನು ರೆಕಾರ್ಡ್ ಮಾಡಿಟ್ಟಿದ್ದೇವೆ. ಕಾಕಾ ಆ ದನಿಗೆ ಐವತ್ತು ವರ್ಷದಿಂದ ಓಗೊಡುತ್ತಿದ್ದಾರೆ! ಬೆರಳು ನಡುಗಿ ಎಲ್ಲೆಲ್ಲೋ ಒತ್ತಿದರೆ, ಮೊಬೈಲಿನ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸಿ.

ಹೊತ್ತು ಮುಖ್ಯ. ಡೋಪಮಿನ್ ಕೊರತೆ ತುಂಬುವ ಲೆವೊಡೋಪ ಮಾತ್ರೆ ನುಂಗಿ, ಮೈ ಹಗುರಾದ ಮೇಲೆ ಶುರು ಮಾಡಿ. ಅನೇಕರಿಗೆ ಇದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಬೆಳಗಿನ ಮಾತ್ರೆಯ ನಂತರದ ಹೊತ್ತೇ ಸರಿ. ನೀರು ಪಕ್ಕದಲ್ಲಿರಲಿ.

ಇನ್ನು ಜಾಗ. ಚಾಪೆ, ಕಾಲೊರೆಸುವ ಬಟ್ಟೆ, ಚಾರ್ಜರ್ ವೈರ್ ತೆಗೆಯಿರಿ. ಒದ್ದೆ ನೆಲ ಬೇಡ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಮೊಬೈಲನ್ನು ಕಣ್ಣಿನ ಎತ್ತರಕ್ಕೆ, ಗೋಡೆಯ ಮಾಡದಲ್ಲಿ ನಿಲ್ಲಿಸಿದರೆ ಕತ್ತು ಬಾಗಿಸಬೇಕಿಲ್ಲ.

ಮೊದಲ ಐದು ನಿಮಿಷ ಕುಳಿತೇ ಕೈಗಳನ್ನು ಅಗಲಕ್ಕೆ ಚಾಚಿ, ಬೆರಳುಗಳನ್ನು ಪೂರ್ತಿ ಬಿಡಿಸಿ. ಬಳಿಕ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು: ಪಾದ ಹಿಂದಕ್ಕೆ, ಮೂಗು ಮುಂದಕ್ಕೆ, ಆಮೇಲೆ ಏಳಿ. ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು, ಅವಸರ ಬೇಡ. ಪ್ರತಿ ಸಲವೂ ಗಟ್ಟಿಯಾಗಿ ಎಣಿಸಿದರೆ ಕ್ಷೀಣಿಸುತ್ತಿರುವ ದನಿಗೂ ಕೆಲಸವಾಗುತ್ತದೆ.

ಮುಂದಿನದು ನಡಿಗೆ. ಇಲ್ಲಿ ನನಗೆ ಆ್ಯಪ್‌ಗಿಂತ ನಮ್ಮ ನೆಲದ ಮೇಲೆಯೇ ಹೆಚ್ಚು ನಂಬಿಕೆ. ಪಾರ್ಕಿನ್ಸನ್ಸ್‌ನಲ್ಲಿ ತಾನಾಗಿಯೇ ಬರಬೇಕಾದ ಹೆಜ್ಜೆ ಬಾರದಿದ್ದಾಗ, ಕಣ್ಣೆದುರಿನ ಗೆರೆ ದಾಟಲು ಕಾಲು ಒಪ್ಪುತ್ತದೆ. ಶಹಾಬಾದ್ ಕಲ್ಲು ಹಾಸಿದ ಮನೆಗಳಲ್ಲಿ ಆ ಗೆರೆಗಳು ಮೊದಲೇ ಇವೆ! ಕಲ್ಲು ಅಗಲವಾಗಿದ್ದರೆ ನಡುವೆ ಬಣ್ಣದ ಟೇಪ್ ಅಂಟಿಸಿ, ಒಂದೊಂದು ಹೆಜ್ಜೆಗೆ ಒಂದೊಂದು ಗೆರೆ ಸಿಗಲಿ. ಕಿವಿಗೆ ತಾಳ ಬೇಕಿದ್ದರೆ ಮೆಟ್ರೊನೋಮ್ ಆ್ಯಪ್ ಇದೆ. ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆಂದು ಎಣಿಸಿ, ಅದೇ ವೇಗಕ್ಕೆ ಹೊಂದಿಸಿ. ನಿಂತಲ್ಲೇ ತಿರುಗಬಾರದು, ಎತ್ತಿನ ಗಾಡಿಯಂತೆ ಅಗಲವಾಗಿ ಸುತ್ತಿ ಬರಬೇಕು.

ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿಕೊಂಡಂತೆ ಆಗುವುದುಂಟು. ಆಗ ಕೈ ಹಿಡಿದು ಎಳೆಯಬೇಡಿ, ಬೀಳುತ್ತಾರೆ. ನಿಲ್ಲಲಿ, ಮೈಭಾರವನ್ನು ಎಡಕ್ಕೆ ಬಲಕ್ಕೆ ತೂಗಲಿ, 'ಒಂದು, ಎರಡು, ಮೂರು' ಎಂದು ದೊಡ್ಡ ಹೆಜ್ಜೆ ಇಡಲಿ.

ಮನೆಯಾಕೆಗೇ ಪಾರ್ಕಿನ್ಸನ್ಸ್ ಇದ್ದರೆ ರೊಟ್ಟಿ ಬಡಿಯುವುದನ್ನು ಬಿಡಿಸಲು ಆತುರಪಡಬೇಡಿ. ಬಿಸಿ ಹಂಚನ್ನು ಬೇರೆಯವರು ನೋಡಿಕೊಂಡರೆ, ತಾಳಕ್ಕೆ ಸರಿಯಾಗಿ ಅಂಗೈ ಅಗಲಿಸುವ ಕೆಲಸ ಅದು.

ಒಟ್ಟು ಗುರಿ ವಾರಕ್ಕೆ 150 ನಿಮಿಷ. ಹತ್ತು ನಿಮಿಷದಿಂದ ಆರಂಭಿಸಿ. ಎದೆನೋವು ಬಂದರೆ, ಕಣ್ಣು ಕತ್ತಲೆಗಟ್ಟಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಆ್ಯಪ್ ತೋರಿಸುವ ಹೆಜ್ಜೆಗಳ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಡುಗುವ ಕೈಯಲ್ಲಿ ಹಿಡಿದ ಮೊಬೈಲ್ ಲೆಕ್ಕ ತಪ್ಪಬಹುದು. ಅದರ ಬದಲು ತಿಂಗಳಿಗೊಮ್ಮೆ ಒಂದು ನಿಮಿಷದ ನಡಿಗೆಯ ವಿಡಿಯೋ ತೆಗೆದು, ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಭೇಟಿಯಲ್ಲಿ ವೈದ್ಯರು ನೋಡಬೇಕಾದದ್ದು ಅದನ್ನೇ.