ಕಡಲ ಪಕ್ಕದ ಮನೆಗೆ ಎಸ್‌ಎಸ್ ರೇಲಿಂಗ್: ನಾನು ಮಾಡುವ ರೀತಿ

ಉಡುಪಿ ಕಡೆ ಫ್ಯಾಬ್ರಿಕೇಶನ್ ನನ್ನ ಕೆಲಸ. ಮೆಟ್ಟಿಲು, ಬಾಲ್ಕನಿ, ಟೆರೇಸಿನ ರೇಲಿಂಗ್‌ಗಳೇ ಜಾಸ್ತಿ. "ಸ್ಟೇನ್‌ಲೆಸ್ ತಾನೇ, ತುಕ್ಕು ಹಿಡಿಯಲ್ಲ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನಾನು ಹೂಂ ಅನ್ನುವುದಿಲ್ಲ. ಮನೆಯಿಂದ ಕಡಲು ಎಷ್ಟು ದೂರ ಅಂತ ತಿರುಗಿ ಕೇಳುತ್ತೇನೆ.

ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಅಂದರೂ ಅದರಲ್ಲಿ ಹೆಚ್ಚಿನ ಪಾಲು ಕಬ್ಬಿಣವೇ. ಜೊತೆಗೆ ಕಡಿಮೆ ಅಂದರೆ ಶೇ. 10.5 ಕ್ರೋಮಿಯಂ ಇರಬೇಕು. ಗಾಳಿ ತಾಗಿದಾಗ ಈ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಗೀರು ಬಿದ್ದರೂ ಪೊರೆ ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಉಪ್ಪಿನ ಗಾಳಿ ಆ ಪೊರೆಯನ್ನು ಅಲ್ಲಲ್ಲಿ ಕೊರೆಯುತ್ತದೆ.

ಅದಕ್ಕೇ ಗ್ರೇಡ್, ಅಂದರೆ ಯಾವ ಲೋಹ ಎಷ್ಟು ಬೆರೆತಿದೆ ಅಂತ ಹೇಳುವ ನಂಬರ್, ಮುಖ್ಯ. 202ರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ರೇಟೂ ಕಡಿಮೆ. ಘಟ್ಟದ ಮೇಲೆ ಮನೆಯೊಳಗಾದರೆ ನಡೆಯುತ್ತದೆ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್. ನಮ್ಮಲ್ಲಿ ಒಳಗಿನ ಮೆಟ್ಟಿಲಿಗೆ ಅದನ್ನೇ ಹಾಕುತ್ತೇನೆ. ಕಡಲಿಗೆ ಮುಖ ಮಾಡಿದ ಬಾಲ್ಕನಿಗೆ ಮಾತ್ರ 316, ಅದರಲ್ಲಿ ಶೇ. 2ರಿಂದ 3 ಮಾಲಿಬ್ಡಿನಮ್ ಇರುವುದರಿಂದ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ.

ಕೆಲವರು ಮ್ಯಾಗ್ನೆಟ್ ಹಿಡಿದುಕೊಂಡೇ ಬರುತ್ತಾರೆ. ಅಂಟದಿದ್ದರೆ 304 ಅಂತ ಅವರ ಲೆಕ್ಕ. 202 ಕೂಡ ಅಂಟುವುದಿಲ್ಲ ಸ್ವಾಮಿ! ನಾನು ಟೆಸ್ಟಿಂಗ್ ಲಿಕ್ವಿಡ್ ಒಂದು ಹನಿ ಬಿಟ್ಟು 9 ವೋಲ್ಟ್ ಬ್ಯಾಟರಿ ತಾಗಿಸುತ್ತೇನೆ. ಹನಿ ಕೆಂಪಗಾದರೆ ಮ್ಯಾಂಗನೀಸ್ ಜಾಸ್ತಿ ಇದೆ, ಅಂದರೆ 202 ಜಾತಿಯದು. ಗಿರಾಕಿಯ ಎದುರಿಗೇ ಮಾಡಿ ತೋರಿಸಿದರೆ ಆಮೇಲೆ ಚರ್ಚೆ ಇರುವುದಿಲ್ಲ.

ಒಳ್ಳೆ ಪೈಪ್ ತಂದರೂ ಕೆಲಸದಲ್ಲಿ ಕೆಡಿಸಬಹುದು. ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಕಬ್ಬಿಣ) ಕೊರೆದ ಡಿಸ್ಕನ್ನೇ ಎಸ್‌ಎಸ್‌ಗೆ ಹಾಕಿದರೆ, ಇಲ್ಲವೇ ಪಕ್ಕದಲ್ಲಿ ಎಂಎಸ್ ಗೇಟ್ ಗ್ರೈಂಡ್ ಮಾಡುವಾಗ ಕಿಡಿ ಹಾರಿ ಬಿದ್ದರೆ, ಕಬ್ಬಿಣದ ಪುಡಿ ಮೇಲೆ ಕೂತು ಮೊದಲ ಮಳೆಗೇ ಕಂದು ಚುಕ್ಕೆ ಏಳುತ್ತದೆ. ಹಾಗಾಗಿ ನನ್ನ ಶೆಡ್ಡಿನಲ್ಲಿ ಎಸ್‌ಎಸ್‌ಗೆ ಡಿಸ್ಕ್, ಬ್ರಷ್, ಜಾಗ ಎಲ್ಲ ಬೇರೆ. ಆರ್ಗಾನ್ ವೆಲ್ಡಿಂಗ್ ಮಾಡುವಾಗ ಜೋಡಣೆಗೆ ಕರಗಿಸಿ ತುಂಬುವ ರಾಡ್ 304ಕ್ಕೆ 308ಎಲ್, 316ಕ್ಕೆ 316ಎಲ್. ವೆಲ್ಡಿಂಗ್ ಪಕ್ಕ ನೀಲಿ, ಹಳದಿ ಬಣ್ಣ ಬರುತ್ತದಲ್ಲ, ಅದರ ಕೆಳಗೆ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಸುಮ್ನೆ ಮೇಲೆ ಮೇಲೆ ಬಫ್ ಹೊಡೆದು ಹೊಳಪು ತಂದರೆ ಸಾಲದು. ಆ ಪದರವನ್ನು ಕರಗಿಸಿ ತೆಗೆಯುವ ಆಸಿಡ್ ಪೇಸ್ಟ್ (ಪಿಕ್ಲಿಂಗ್ ಪೇಸ್ಟ್) ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಧಾರಾಳ ನೀರಿನಲ್ಲಿ ತೊಳೆಯಬೇಕು. ಅದರಲ್ಲಿರುವ ಹೈಡ್ರೋಫ್ಲೋರಿಕ್ ಆಸಿಡ್ ಚರ್ಮದ ಆಳಕ್ಕೆ ಇಳಿಯುತ್ತದೆ. ಗ್ಲೌಸ್, ಮುಖಕ್ಕೆ ಶೀಲ್ಡ್ ಇಲ್ಲದೆ ಹುಡುಗರನ್ನು ಹತ್ತಿರ ಬಿಡುವುದಿಲ್ಲ. ಕಂಬದ ಬುಡ ಮುಚ್ಚುವ ಕಪ್ ಒಳಗೂ ಉಪ್ಪುನೀರು ನಿಲ್ಲುತ್ತದೆ, ಅಲ್ಲಿ ಸಂದು ಮುಚ್ಚಲು ಸಿಲಿಕೋನ್ ಸೀಲಂಟ್ ಹಾಕುತ್ತೇನೆ.

ಆಮೇಲಿನದು ಮನೆಯವರ ಕೈಯಲ್ಲಿ. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಒರೆಸಿದರೆ ಸಾಕು, ಕಬ್ಬಿಣದ ನಾರಿನಿಂದ ಮಾತ್ರ ಉಜ್ಜಬಾರದು. ಮಳೆಗೆ ನೆನೆಯುವ ರೇಲಿಂಗ್‌ಗಿಂತ ಸೂರಿನಡಿ ಇರುವುದಕ್ಕೇ ಕಲೆ ಜಾಸ್ತಿ, ಯಾಕೆಂದರೆ ಅಲ್ಲಿ ಕೂತ ಉಪ್ಪನ್ನು ತೊಳೆಯುವವರಿಲ್ಲ.

ಇನ್ನೊಂದು, ಗೃಹಪ್ರವೇಶದ ಗಡಿಬಿಡಿ. ರೇಲಿಂಗ್ ಕೂರಿಸಿದ ಮೇಲೆ ಯಾರೋ ಟೈಲ್ಸ್ ಮೇಲಿನ ಸಿಮೆಂಟ್ ತೆಗೆಯಲು ಆಸಿಡ್ ಸುರಿಯುತ್ತಾರೆ. ಅದರ ಹೊಗೆ ತಾಗಿದರೇ ಸಾಕು, ಫಳಫಳ ಹೊಳೆಯುವ ಪೈಪ್ ಕಂದು ಬಣ್ಣಕ್ಕೆ ತಿರುಗುತ್ತದೆ, ಬೈಗುಳ ನನಗೆ. ಈಗ ಆಸಿಡ್ ವಾಶ್ ಮುಗಿಯುವ ತನಕ ನಾನು ಪೈಪ್ ಸೈಟಿಗೆ ತರುವುದೇ ಇಲ್ಲ.