ಗಮಕ ಬಿಟ್ಟ ಮೇಲೆ ಬಂದ ಹಾಡು

ವಿಯೆನ್ನಾದಲ್ಲಿ ನಮ್ಮ ಮೇಲಿನ ಮನೆಯಲ್ಲಿ ಸರ್ಬಿಯಾದ ಅಜ್ಜ ಒಬ್ಬರಿದ್ದಾರೆ. ಭಾನುವಾರ ಅಕಾರ್ಡಿಯನ್ ನುಡಿಸುತ್ತಾರೆ. ನನ್ನ ಪಿಟೀಲು ಅವರ ಕಿವಿಗೂ ಬಿದ್ದಿತ್ತು. ಒಂದಿನ ಬಾಗಿಲು ತಟ್ಟಿ, ತಮ್ಮ ನಾಡಿನ ‘ತಾಮೊ ದಲೇಕೊ’ ಹಾಡನ್ನು ಜೊತೆಗೆ ನುಡಿಸ್ತೀಯಾ ಅಂತ ಕೇಳಿದರು. ‘ಅಲ್ಲಿ, ದೂರದಲ್ಲಿ’ ಅಂತ ಅರ್ಥ.

ಸುಲಭ ಅನ್ನಿಸಿತು. ಮೂರೆಣಿಕೆ, ನಿಧಾನ ನಡೆ, ಮೈನರ್ ಸ್ವರಗಳು. ಅಜ್ಜನ ಎಡಗೈ ಒಟ್ಟಿಗೆ ಒತ್ತುವ ಸ್ವರಗಳಲ್ಲಿ (ಕಾರ್ಡ್) ಕಾಕಲಿ ನಿಷಾದ, ಅಂದರೆ ಎತ್ತರದ ‘ನಿ’, ಇಣುಕಿದ್ದೇ ತಡ, ಇದು ನಮ್ಮ ಕರ್ನಾಟಕ ಸಂಗೀತದ ಕೀರವಾಣಿ ರಾಗ ಅಂದುಕೊಂಡುಬಿಟ್ಟೆ. ಎಡವಿದ್ದು ಅಲ್ಲೇ. ಗಮಕ ಅಂತ ಗಾಂಧಾರ ಸ್ವರ ಅಲ್ಲಾಡಿಸಿದೆ, ಇಳಿಯುವಾಗೆಲ್ಲ ಸ್ವರದಿಂದ ಸ್ವರಕ್ಕೆ ಜಾರು ಹಾಕಿದೆ. ಅಜ್ಜ ಅಕಾರ್ಡಿಯನ್ ಮಡಚಿಟ್ಟು, ‘ಹಾಡಿದವರು ಸಿಪಾಯಿಗಳು. ನೀನ್ಯಾಕೆ ಇಷ್ಟು ಅಳ್ತೀಯ?’ ಅಂದರು.

ಆಮೇಲೆ ಕಥೆ ಹೇಳಿದರು. ಮೊದಲ ಮಹಾಯುದ್ಧದಲ್ಲಿ, 1915ರ ಅಕ್ಟೋಬರಿನಲ್ಲಿ, ಉತ್ತರದಿಂದ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ, ಪೂರ್ವದಿಂದ ಬಲ್ಗೇರಿಯಾ ಸರ್ಬಿಯಾದ ಮೇಲೆ ಬಿದ್ದವು. (ಆ ಯುದ್ಧ ಸಾರಿದ್ದು ನಾನೀಗ ಸಂಬಳ ಎಣಿಸುವ ಇದೇ ವಿಯೆನ್ನಾ!) ಸೈನ್ಯ ಶರಣಾಗಲಿಲ್ಲ. ಚಳಿಗಾಲದಲ್ಲಿ ಅಲ್ಬೇನಿಯಾದ ಬೆಟ್ಟ ಹತ್ತಿ ಸಮುದ್ರದ ಕಡೆ ನಡೆಯಿತು. 71 ವರ್ಷದ ರಾಜ ಪೀಟರ್ ಎತ್ತಿನ ಗಾಡಿಯಲ್ಲಿ. ಹಸಿವು, ಹಿಮ, ಜ್ವರದಲ್ಲಿ ಹತ್ತಾರು ಸಾವಿರ ಜನ ದಾರಿಯಲ್ಲೇ ಹೋದರು. ಉಳಿದ ಸುಮಾರು 1,50,000 ಸೈನಿಕರನ್ನು ಮಿತ್ರರಾಷ್ಟ್ರಗಳ ಹಡಗುಗಳು ಗ್ರೀಸಿನ ಕೋರ್ಫು ದ್ವೀಪಕ್ಕೆ ಮುಟ್ಟಿಸಿದವು. ಪಕ್ಕದ ವಿಡೊ ದ್ವೀಪದಲ್ಲಿ ರೋಗಿಗಳು. ಹೂಳಲು ಜಾಗ ಸಾಲದೆ ಸಾವಿರಾರು ಹೆಣಗಳನ್ನು ಕಡಲಿಗೇ ಬಿಟ್ಟರು. ಹಾಡು ಹುಟ್ಟಿದ್ದು 1916ರಲ್ಲಿ, ಕೋರ್ಫುವಿನಲ್ಲಿ. ನಾನೇ ಬರೆದೆ ಅಂದವರು ಸುಮಾರು ಜನ.

‘ಸಮುದ್ರದಿಂದ ದೂರ, ಅಲ್ಲಿ ನನ್ನೂರು’ ಅಂತ ಶುರು. ಕಡಲ ದಂಡೆಯಲ್ಲಿ ಕೂತವನ ಮಾತು ಇದು, ಅಲ್ವಾ? ಮುಂದೆ ‘ಲಿಮುನ್ ಝುತ್’, ಹಳದಿ ನಿಂಬೆ ಅರಳುವ ಜಾಗ, ಅಂತ ಬರುತ್ತದೆ. ನಾನು ಅದನ್ನು ಊರಿನ ವರ್ಣನೆ ಅಂದುಕೊಂಡಿದ್ದೆ. ಅಲ್ಲ, ಅದು ಕೋರ್ಫು. ಸೈನ್ಯಕ್ಕೆ ಉಳಿದಿದ್ದ ಒಂದೇ ‘ಪುತ್’, ದಾರಿ. ಝುತ್-ಪುತ್ ಪ್ರಾಸ ಗೊತ್ತಾದ ಮೇಲೆ ಸಾಲನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದೂ ಗೊತ್ತಾಯಿತು.

ಎರಡು ವಾರ ಪಿಟೀಲು ಮುಟ್ಟದೆ ಬರೀ ಸಾಹಿತ್ಯ ಬಾಯಿಪಾಠ ಮಾಡಿದೆ. ‘ದಲೇಕೊ’ದಲ್ಲಿ ಒತ್ತು ‘ಲೇ’ ಮೇಲೆ. ಆಮೇಲೆ ಮೂರೆಣಿಕೆಗೆ ಒಂದು ಕಮಾನು, ಮೊದಲನೆಯದಕ್ಕೆ ಸ್ವಲ್ಪ ತೂಕ. ಬೆರಳು ನೆಟ್ಟಗೆ ಸ್ವರದ ಮೇಲೆ. ಇಪ್ಪತ್ತು ವರ್ಷ ಗಮಕ ಮಾಡಿದ ಕೈಗೆ ಸುಮ್ನೆ ಇರೋದೇ ಜಾಸ್ತಿ ಕಷ್ಟ!

ಒಮ್ಮೆ, ಇದು ಪಿಟೀಲಿಗೆ ಒಗ್ಗಲ್ಲ, ಬಿಟ್ಟುಬಿಡ್ತೀನಿ ಅಂದೆ. ಸರ್ಬ್ ಮೂಲದ ವಿಜ್ಞಾನಿ ನಿಕೋಲಾ ಟೆಸ್ಲಾ ತೀರಿಕೊಂಡ ಮೂರು ದಿನಕ್ಕೆ, 1943ರ ಜನವರಿ 10ರಂದು, ನ್ಯೂಯಾರ್ಕಿನ ರೇಡಿಯೊದಲ್ಲಿ ಇದನ್ನು ಜ್ಲಾಟ್ಕೊ ಬಾಲೊಕೊವಿಚ್ ಪಿಟೀಲಿನಲ್ಲೇ ನುಡಿಸಿದ್ದು ಅಂದರು ಅಜ್ಜ. ‘ನಿನ್ನ ಹಾಗೆ ಆ ಪಿಟೀಲಿನವನೂ ಸರ್ಬ್ ಅಲ್ಲ, ಕ್ರೋಟ್. ತೆಗಿ ಕಮಾನು.’

ಈಗ ನಾನು ಮೊದಲ ದನಿ, ಅವರು ಅದರ ಕೆಳಗಿನ ದನಿ. ನಿಂಬೆಯ ಸಾಲು ಬಂದಾಗ ಅವರು ಅಕಾರ್ಡಿಯನ್ ನಿಲ್ಲಿಸಿ ಬಾಯಲ್ಲೇ ಹಾಡುತ್ತಾರೆ. ನಾನು ಷಡ್ಜ ಹಿಡಿದು ಕಾಯುತ್ತೇನೆ.