ಸುವಾ ಮ್ಯೂಸಿಯಂ: ದ್ರುವಾ ದೋಣಿಯಿಂದ ಗಿರ್ಮಿಟ್ ಪಾಸಿನವರೆಗೆ

ಫಿಜಿಯ ರಾಜಧಾನಿ ಸುವಾಗೆ ಹೋದವರು ಮ್ಯೂಸಿಯಂ ಅನ್ನು ಗಂಟೆಯೊಳಗೆ ಮುಗಿಸಿ ಹೊರಡುತ್ತಾರೆ. ನಾನು ಅದಕ್ಕೆ ಅರ್ಧ ದಿನ ಇಡುತ್ತೇನೆ, ಮಾರನೆಯ ದಿನ ಹಳೆಯ ದಾಖಲೆಗಳಿರುವ ನ್ಯಾಷನಲ್ ಆರ್ಕೈವ್ಸ್‌ಗೆ. ಎರಡೂ ದಿನ ವಾರದ ನಡುವೆ ಬರುವಂತೆ ನೋಡಿಕೊಳ್ಳಿ. ಭಾನುವಾರ ಊರೇ ಹೆಚ್ಚುಕಡಿಮೆ ಬಾಗಿಲು ಹಾಕಿರುತ್ತದೆ.

ಬಸ್ ಸ್ಟ್ಯಾಂಡ್‌ನಿಂದ ವಿಕ್ಟೋರಿಯಾ ಪೆರೇಡ್ ರಸ್ತೆ ಹಿಡಿದು ಆಲ್ಬರ್ಟ್ ಪಾರ್ಕ್ ದಾಟಿದರೆ ಥರ್ಸ್ಟನ್ ಗಾರ್ಡನ್ಸ್, ಅದರೊಳಗೆ ಮ್ಯೂಸಿಯಂ. ಆರಾಮಾಗಿ ನಡೆಯಬಹುದು, ಆದರೆ ಕೊಡೆ ಇರಲಿ. ಸುವಾದ ಮಳೆಗೆ ಕಾಲವೇ ಇಲ್ಲ.

ಒಳಗೆ ಹೋಗುವ ಮೊದಲು ಫಿಜಿ ಕಾಗುಣಿತ ತಿಳಿದಿದ್ದರೆ ಫಲಕದ ಹೆಸರುಗಳನ್ನು ಸರಿಯಾಗಿ ಓದಬಹುದು. ಅಲ್ಲಿ ಇಂಗ್ಲಿಷಿನ ಬಿ ಅಂದರೆ 'ಂಬ', ಡಿ ಅಂದರೆ 'ಂದ', ಸಿ ಅಂದರೆ 'ದ', ಜಿ ಅಂದರೆ 'ಙ'. ನಾಡಿ ಎಂದು ಬರೆದ ಊರು ನಾಂದಿ. ತಿಮಿಂಗಿಲದ ಹಲ್ಲಿನ ಹೆಸರು ತಬುವಾ ಅಲ್ಲ, ತಂಬುವಾ. ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಙ ಇಲ್ಲಿ ದಿನಬಳಕೆಯ ಅಕ್ಷರ.

ಮೊದಲು ದ್ರುವಾ ನೋಡಿ. ರಾತು ಫಿನಾವು ಎಂಬ ಈ ಜೋಡಿದೋಣಿ ಕಟ್ಟಿದ್ದು 1913ರಲ್ಲಿ, ಉದ್ದ 13 ಮೀಟರಿಗೂ ಹೆಚ್ಚು. ಎಲ್ಲರೂ ಎದುರಿಗೆ ನಿಂತು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಪಕ್ಕಕ್ಕೆ ಬನ್ನಿ, ಕೂತು ನೋಡಿ. ಎರಡು ಒಡಲುಗಳಲ್ಲಿ ಒಂದು ಚಿಕ್ಕದು, ಅದನ್ನು ಯಾವಾಗಲೂ ಗಾಳಿ ಬರುವ ಕಡೆಗೇ ಇಡಬೇಕು. ಹಾಗಾಗಿ ದಿಕ್ಕು ಬದಲಿಸುವಾಗ ದೋಣಿಯನ್ನು ತಿರುಗಿಸುವುದಿಲ್ಲ, ಹಾಯಿಯನ್ನೇ ಹೊತ್ತು ಈ ತುದಿಯಿಂದ ಆ ತುದಿಗೆ ಒಯ್ಯುತ್ತಾರೆ, ಹಿಂಬದಿ ಮುಂಬದಿಯಾಗುತ್ತದೆ. ಹಲಗೆಗಳನ್ನು ಬಿಗಿದಿರುವುದು ಮಙಿಮಙಿ ಎಂಬ ತೆಂಗಿನ ನಾರಿನ ಹುರಿಯಿಂದ. ಹಲಗೆಯ ಒಳಅಂಚಿನಲ್ಲಿ ದಿಂಡು ಬಿಟ್ಟು ಕೆತ್ತಿ, ಅದರಲ್ಲಿ ತೂತು ಕೊರೆದು ಹೊಲಿಯುತ್ತಿದ್ದರು. ಆದ್ದರಿಂದ ಕಟ್ಟು ಒಳಗೇ ಉಳಿಯುತ್ತದೆ, ಹೊರಮೈ ನುಣುಪು. ತೆಂಗಿನ ನಾರು ಕಂಡು ಬೆಳೆದ ಕರಾವಳಿಯವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

1867ರಲ್ಲಿ ಕೊಲೆಯಾದ ಪಾದ್ರಿ ಥಾಮಸ್ ಬೇಕರ್ ಅವರ ಬೂಟಿನ ಅಟ್ಟೆಯ ಮುಂದೆ ಯಾವಾಗಲೂ ಜನ. ಅಲ್ಲಿ ಹೆಚ್ಚು ಹೊತ್ತು ಬೇಡ. ಆ ಸಮಯವನ್ನು ಮಾಸಿಗೆ, ಅಂದರೆ ತೊಗಟೆ ಬಟ್ಟೆಗೆ ಕೊಡಿ. ಅಂಚಿನ ವಿನ್ಯಾಸಗಳು ಕೊರೆಯಚ್ಚಿನವು (ಸ್ಟೆನ್ಸಿಲ್). ಹಿಂದೆ ಎಲೆಯಲ್ಲಿ ಕತ್ತರಿಸುತ್ತಿದ್ದರು, ಈಗ ಹಳೆಯ ಎಕ್ಸ್‌ರೇ ಫಿಲ್ಮಿನಲ್ಲೂ ಕತ್ತರಿಸುತ್ತಾರೆ. ಇಲ್ಲಿ ಕಣ್ಣು ಪಳಗಿಸಿಕೊಂಡು ಆಮೇಲೆ ಪೇಟೆಗೆ ಹೋದರೆ ಒಳ್ಳೆಯ ಮಾಸಿ ತಾನಾಗಿ ಗೊತ್ತಾಗುತ್ತದೆ. ತಂಬುವಾ ಮಾತ್ರ ಕೊಳ್ಳಬೇಡಿ, ಪರವಾನಗಿ ಇಲ್ಲದೆ ದೇಶದಾಚೆ ಒಯ್ಯುವಂತಿಲ್ಲ.

ನಮ್ಮವರು ತಪ್ಪದೆ ನೋಡಬೇಕಾದದ್ದು ಭಾರತೀಯರ ವಿಭಾಗ. 'ಅಗ್ರಿಮೆಂಟ್' ಜನರ ಬಾಯಲ್ಲಿ ಗಿರ್ಮಿಟ್ ಆಯಿತು: ಐದು ವರ್ಷದ ಕೂಲಿ ಕರಾರು. 1879ರ ಲಿಯೊನಿಡಾಸ್ ಹಡಗಿನಿಂದ 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ ಬಂದರು. 1903ರಿಂದ ಮದ್ರಾಸಿನಿಂದಲೂ ಹಡಗು ಹೊರಟವು. ಆಗ ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಹಾಗಾಗಿ ದಾಖಲೆಯಲ್ಲಿ 'ಮದ್ರಾಸ್' ಎಂದು ಕಂಡ ಕೂಡಲೇ ತಮಿಳರೇ ಎಂದು ತೀರ್ಮಾನಿಸಬೇಡಿ.

ಒಬ್ಬೊಬ್ಬ ಕೂಲಿಯ ಎಮಿಗ್ರೇಶನ್ ಪಾಸ್, ಅಂದರೆ ವಲಸೆ ಚೀಟಿ, ಸಿಗುವುದು ಆರ್ಕೈವ್ಸ್‌ನಲ್ಲಿ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು, ಎತ್ತರ, ಮೈಮೇಲಿನ ಗುರುತು ಎಲ್ಲವೂ ಅದರಲ್ಲಿವೆ. ಒಬ್ಬರ ಪಾಸ್ ಹುಡುಕಲು ಬರಿ ಹೆಸರು ಹಿಡಿದು ಹೋದರೆ ದಿನವಿಡೀ ಕೂತರೂ ಸಿಗದಿರಬಹುದು. ಹಡಗಿನ ಹೆಸರು, ಬಂದ ವರ್ಷ, ಸಾಧ್ಯವಾದರೆ ಪಾಸ್ ನಂಬರ್ ಇಟ್ಟುಕೊಳ್ಳಿ. ಆ ಕೂಲಿಗಳ ಮಕ್ಕಳ ಹಳೆಯ ಜನನ ಪತ್ರದಲ್ಲಿ ಇವು ಕೆಲವೊಮ್ಮೆ ಇರುತ್ತವೆ.

ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳವು. ಒಂದೇ ಹೆಸರಿಗೆ ನಾಲ್ಕೈದು ಕಾಗುಣಿತ ಮೊದಲೇ ಬರೆದಿಟ್ಟುಕೊಳ್ಳಿ. ವೆಂಕಟ ಇಂಗ್ಲಿಷಿನ ವಿಯಲ್ಲೂ ಸಿಗಬಹುದು, ಡಬ್ಲ್ಯುವಿನಲ್ಲೂ ಸಿಗಬಹುದು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಒಂದು ಕಡೆ: ನೋಂದಣಿ ಆದ ಸ್ಥಳವನ್ನೇ ಹುಟ್ಟೂರು ಎಂದುಕೊಳ್ಳುತ್ತಾರೆ. ಮನೆ ಬಿಟ್ಟು ಕೂಲಿ ಹುಡುಕುತ್ತಾ ಅಲೆಯುತ್ತಿದ್ದವರು ಎಲ್ಲೋ ಏಜೆಂಟನ ಕೈಗೆ ಸಿಕ್ಕಿರುತ್ತಾರೆ. ಪಾಸಿನಲ್ಲಿ ಊರಿಗೆ ಬೇರೆಯೇ ಸಾಲಿದೆ, ಜಿಲ್ಲೆ ಮತ್ತು ಠಾಣೆಯ ಜೊತೆಗೆ. ಆ ಮೂರನ್ನೂ ಅಕ್ಷರ ತಪ್ಪದೆ, ತಿದ್ದದೆ ನಕಲು ಮಾಡಿಕೊಳ್ಳಿ. ನಕ್ಷೆ ಎದುರಿಟ್ಟು ಹೊಂದಿಸುವ ಕೆಲಸ ಆಮೇಲಿನದು.